ಹಾಲುಗಂಬಕ್ಕೆ ರಿವರ್ಸ್ ಗೇರಿಲ್ಲ

ರಸ್ತೆ ಕಿರಿದಾಗುವ ಜಾಗ ಬಂದರೆ ನನ್ನ ಎಡಗೈ ನನ್ನನ್ನು ಕೇಳದೆ ಕಾರಿನ ಕಿಟಕಿಯಿಂದ ಆಚೆ ಹೋಗುತ್ತದೆ. ಹೋದದ್ದು, ಏನನ್ನೋ ಹಿಡಿದುಕೊಂಡಂತೆ ಮುಷ್ಟಿ ಕಟ್ಟಿ ಗಾಳಿಯಲ್ಲಿ ನಿಲ್ಲುತ್ತದೆ. ನಾನು ಕಾರು ಓಡಿಸುವವನಲ್ಲ. ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು, ಬ್ರೇಕೇ ಇಲ್ಲದ ಕಡೆ ಬ್ರೇಕು ತುಳಿಯುತ್ತ ಊರೂರು ಸುತ್ತುವ ಪೈಕಿ. "ಕೈ ಒಳಕ್ಕೆ ತಗೊಳ್ರಿ, ಪಕ್ಕದಲ್ಲಿ ನುಗ್ಗೋ ಬೈಕಿನೋನು ಜೊತೇಲಿ ಕರ್ಕೊಂಡು ಹೋದಾನು," ಎನ್ನುತ್ತಾಳೆ ಹಿಂದಿನ ಸೀಟಿನಿಂದ ಹೆಂಡತಿ. ತೆಗೆದುಕೊಳ್ಳುತ್ತೇನೆ. ಮುಂದಿನ 'ಕಾಮಗಾರಿ ಪ್ರಗತಿಯಲ್ಲಿದೆ' ಬೋರ್ಡು ಬರುವವರೆಗೆ ಕೈ ಒಳಗಿರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಂದು ನಾನು ಸುತ್ತುವ ಈ ನಾಲ್ಕು ತಾಲ್ಲೂಕಿನಲ್ಲಿ ಆ ಬೋರ್ಡಿಗಾಗಿ ಬಹಳ ಹೊತ್ತು ಕಾಯಬೇಕಾಗಿಲ್ಲ.

ನಮ್ಮ ಕಡೆಯ ಡ್ರೈವರುಗಳು ಹಾರನ್ನಿನಲ್ಲಿ ಮಾತಾಡುತ್ತಾರೆ ಎಂಬುದು ಹೊರಗಿನವರ ತಪ್ಪು ತಿಳಿವಳಿಕೆ. ಹಾರನ್ನು ಬರೀ ಕೆಮ್ಮು. ಮಾತು ಇರುವುದು ಕೈಯಲ್ಲಿ. ಅಂಗೈ ಕೆಳಗೆ ಮಾಡಿ ಗಾಳಿಯನ್ನು ತಟ್ಟಿದರೆ "ವಸಿ ತಡ್ಯಣ್ಣ" ಎಂದು. ಬೆರಳುಗಳನ್ನು ಹಿಟ್ಟು ಉದುರಿಸುವಂತೆ ಆಡಿಸಿದರೆ "ಬಾ ಬಾ, ಜಾಗ ಅದೆ" ಎಂದು. ಐದೂ ಬೆರಳು ಮೇಲಕ್ಕೆ ಅರಳಿಸಿ ಅಲ್ಲಾಡಿಸಿದರೆ ಅದರ ಅರ್ಥವನ್ನು ಇಲ್ಲಿ ಬರೆಯುವಂತಿಲ್ಲ. ಎರಡು ಸಾಲು ಸೇರಿ ಒಂದಾಗುವ ಕಡೆ ಇನ್ನೊಂದು ನಡವಳಿಕೆ ಇದೆ, ನೀವೂ ಗಮನಿಸಿರಬಹುದು. ಪಕ್ಕದವನಿಗೆ ದಾರಿ ಬಿಟ್ಟ ಡ್ರೈವರು ಅವನ ಮುಖ ನೋಡುವುದಿಲ್ಲ. ತಿರುಗಿ ಹೊಲದ ಕಡೆ ನೋಡುತ್ತಾನೆ, ಕಬ್ಬು ಕಡಿಯುವ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವವನಂತೆ. ಕಣ್ಣಿಗೆ ಕಣ್ಣು ಸೇರಿದರೆ ಅವನ ಹಿಂದಿನವನಿಗೂ ಬಿಡಬೇಕಾಗುತ್ತದೆ ಎಂಬ ಭಯವೋ, ಒಳ್ಳೆಯವನಾಗಿ ಸಿಕ್ಕಿಬಿದ್ದ ನಾಚಿಕೆಯೋ, ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ನನ್ನ ಮುಷ್ಟಿಗೆ ಕಾರಣವಾದ ಬೆಳಗಿನ ಕಥೆ ಹೇಳುತ್ತೇನೆ. ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನೆನಪು ಕೈಪಳಗಿದ ಬಡಗಿ, ಸಂದು ಕಾಣದ ಹಾಗೆ ಹಲಗೆ ಕೂಡಿಸುತ್ತದೆ. ಸಂದೇ ಕಾಣದ ಬಾಗಿಲನ್ನು ಕಂಡರೆ ನನಗೆ ಅನುಮಾನ. ಆದ್ದರಿಂದ ಎಲ್ಲೆಲ್ಲಿ ಮೊಳೆ ಹೊಡೆದಿದ್ದೇನೆ ಎಂದು ಆಗಾಗ ತೋರಿಸುತ್ತ ಹೋಗುತ್ತೇನೆ.

ಜಯಕ್ಕನ ಮಗಳು ಸುಮಳ ಮದುವೆ. ಜಯಕ್ಕ ನನ್ನ ಒಡಹುಟ್ಟಿದ ಅಕ್ಕ, ಅವಳನ್ನು ಬಿಂಡಿಗನವಿಲೆಯ ಹತ್ತಿರದ ಊರಿಗೆ ಕೊಟ್ಟಿದೆ. ಮದುವೆ ನಾಗಮಂಗಲದ ಛತ್ರದಲ್ಲಾದರೂ ಚಪ್ಪರ ಮನೆಯ ಮುಂದೆಯೇ ಆಗಬೇಕು. ಚಪ್ಪರಕ್ಕೆ ನೆಡುವ ಮೊದಲ ಕಂಬ ಹಾಲುಗಂಬ. ಅತ್ತಿ ಮರದ ಹಸಿ ಕೊಂಬೆ ಅದು, ತುದಿಯಲ್ಲಿ ಎಲೆ ಇರಬೇಕು, ನೆಟ್ಟ ಮೇಲೆ ಮುತ್ತೈದೆಯರು ಅದಕ್ಕೆ ಹಾಲು ತುಪ್ಪ ಬಿಡುತ್ತಾರೆ. ಕಡಿದು ತಂದು ನೆಡಬೇಕಾದವನು ಹೆಣ್ಣಿನ ಸೋದರಮಾವ. ಅಡುಗೆಗೆ, ದೀಪಕ್ಕೆ, ಹೂವಿಗೆ, ಕೊನೆಗೆ ನಗುವ ಫೋಟೋಗೆ ಕೂಡ ಕಂಟ್ರಾಕ್ಟಿನವರು ಬಂದಿರುವ ಕಾಲದಲ್ಲಿ ಸೋದರಮಾವನಿಗೆ ಉಳಿದಿರುವುದು ಇದೊಂದೇ ಕೆಲಸ. ನಮ್ಮ ಮನೆತನದವರು ನನ್ನನ್ನು ನಂಬಿ ಬಿಟ್ಟ ಕೆಲಸವೂ ಇದೊಂದೇ.

ನಂಬಿ ಎಂದದ್ದು ಸ್ವಲ್ಪ ಅತಿಯಾಯಿತು. ಹಿಂದಿನ ದಿನವೇ ಅಕ್ಕನ ಫೋನು ಬಂದಿತ್ತು.

"ಲೋ ಸೀನ, ನಾಳೆ ಬುಧವಾರ ಕಣ್ಲಾ. ಅನ್ನೆರ್ಡಕ್ಕೆ ರಾಹುಕಾಲ ಹುಟ್ತದೆ. ಅಷ್ಟರೊಳಗೆ ಬಂದ್ರೆ ನೀನು ನೆಡ್ತೀಯ. ಇಲ್ದಿದ್ರೆ ಚಂದ್ರು ನೆಟ್ಬುಡ್ತಾನೆ. ಅವನೂ ಒಂದು ಕೊಂಬೆ ಕಡ್ದು ತಂದಿಟ್ಕಂಡವ್ನೆ."

"ನಾನಿರೋವಾಗ ಅವನ್ಯಾಕೆ ತಂದಿಟ್ಕಂಡ?"

"ನೀನಿದ್ದೀಯಲ್ಲ, ಅದ್ಕೇ."

ಚಂದ್ರು ನಮ್ಮ ಚಿಕ್ಕಪ್ಪನ ಮಗ, ನಾಗಮಂಗಲದಲ್ಲಿದ್ದಾನೆ. ಸುಮಳಿಗೆ ಅವನೂ ಸೋದರಮಾವನೇ ಆಗಬೇಕು. ಬಸ್ಸಿಗಿಂತ ಮೊದಲು ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುವ ಮನುಷ್ಯ. ನಾನು ಬಸ್ಸಿನ ಧೂಳಿಗೆ ಕೈ ಬೀಸುವವನು. ಚಿಕ್ಕಂದಿನಿಂದಲೂ ನಾನು ಬಿಟ್ಟ ಜಾಗಕ್ಕೆಲ್ಲ ಅವನು ಬಂದು ನಿಂತಿದ್ದಾನೆ, ಕಬಡ್ಡಿಯಿಂದ ಹಿಡಿದು ನೆಂಟರ ಮನೆಯ ಮುಂದಿನ ಸಾಲಿನ ಊಟದೆಲೆಯವರೆಗೆ. ಹಾಲುಗಂಬವೊಂದನ್ನು ಮಾತ್ರ ಬಿಡಬಾರದು ಎಂದು ನಿಶ್ಚಯ ಮಾಡಿದೆ.

"ಇನ್ನೊಂದು ಕೇಳುಸ್ಕೋ," ಎಂದಳು ಅಕ್ಕ. "ಕಡ್ದ ಕೊಂಬೇನ ನೆಲಕ್ಕೆ ಇಡಬಾರ್ದು. ಒಂದ್ಸಲ ಒಂಟ ಮೇಲೆ ಇಂದಕ್ಕೆ ತರಬಾರ್ದು. ತಿಳೀತಾ?"

ಇದು ಹಳೆಯ ಶಾಸ್ತ್ರವೋ, ನನ್ನನ್ನು ಹಿಡಿತದಲ್ಲಿಡಲು ಅಕ್ಕ ಅಂದೇ ಹುಟ್ಟಿಸಿದ್ದೋ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ ಹೊಳೆಯ ದಡದ ಅತ್ತಿ ಮರಕ್ಕೆ ಪೂಜೆ ಮಾಡಿ ಕೊಂಬೆ ಕಡಿದದ್ದಾಯಿತು. ಹೆಂಡತಿ ಎರಡು ದಿನ ಮೊದಲೇ ಮದುವೆ ಮನೆ ಸೇರಿದ್ದಳು. ನನ್ನನ್ನು ಕರೆದೊಯ್ಯಬೇಕಾಗಿದ್ದವನು ನಮ್ಮ ಬೀದಿಯ ಸಲೀಂ, ಬಾಡಿಗೆ ಕಾರಿನವನು. ಕೊಂಬೆ ಕಾರಿನ ಒಳಜಾಗಕ್ಕಿಂತ ಉದ್ದ. ಹಾಗೆ ನೋಡಿದರೂ ಹೀಗೆ ನೋಡಿದರೂ ಒಳಗೆ ಹಿಡಿಯದು. ಮಾಡಿನ ಮೇಲೆ ಕಟ್ಟೋಣವೆಂದರೆ ಗಾಳಿಗೆ ಎಲೆ ಉಳಿಯುವುದಿಲ್ಲ. ಕೊನೆಗೆ ಬುಡವನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ, ಎಲೆಯ ತುದಿಯನ್ನು ನನ್ನ ಪಕ್ಕದ ಕಿಟಕಿಯಿಂದ ಆಚೆ ಬಿಟ್ಟು, ನಾನು ಅದನ್ನು ಎಡಗೈಯಲ್ಲಿ ಹಿಡಿದು ಕೂತೆ. ಸಲೀಂ ಮುಂದೆ ನಿಂತು ನೋಡಿ, "ಅರೆ ಸಾರ್, ಕಾರ್ಗೆ ಒಂದ್ ಕಡೆ ಮೀಸೆ ಬಂದಂಗದೆ," ಎಂದ.

ಪಾಂಡವಪುರ ದಾಟುವವರೆಗೆ ಎಲ್ಲ ಸುಸೂತ್ರ. ಕಬ್ಬಿನ ಟ್ರಾಕ್ಟರುಗಳ ಹಿಂದೆ ನಿಧಾನವಾಗಿ ಹೋಗುತ್ತ, ಬೇಗ ತಲುಪಿ ಅಕ್ಕನಿಗೆ ದಿಗಿಲು ಹುಟ್ಟಿಸಬೇಕು ಎಂದುಕೊಳ್ಳುತ್ತಿದ್ದೆ. ನಾಗಮಂಗಲದ ಕಡೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಂತು ಬೋರ್ಡು.

ರಸ್ತೆ ಅಗಲ ಮಾಡುತ್ತಿದ್ದರು. ಅರ್ಧ ರಸ್ತೆ ಅಗೆದು ಆಳಕ್ಕೆ ಹೋಗಿತ್ತು, ಕಬ್ಬಿಣದ ಸರಳುಗಳು ಎದ್ದು ನಿಂತಿದ್ದವು. ಉಳಿದರ್ಧದಲ್ಲಿ ಒಂದು ಗಾಡಿಗೆ ಮಾತ್ರ ಜಾಗ, ಅದರ ಆಚೆ ಅಂಚಿಗೆ ಗದ್ದೆಯ ಇಳಿಜಾರು. ಶುರುವಿನಲ್ಲಿ ಎಲ್ಲರೂ ಒಂದು ಸಾಲಿಗೆ ಬರಬೇಕು. ಅಲ್ಲಿ ಮೂರು ಸಾಲಿತ್ತು. ಬೈಕಿನವರು ಮಣ್ಣಿನಲ್ಲಿ, ಕಾರಿನವರು ಕಲ್ಲಿನಲ್ಲಿ, ಎಲ್ಲರ ಮೂತಿಯೂ ಒಂದೇ ಕಡೆಗೆ. ಸಲೀಂ ಒಬ್ಬ ಕಾರಿನವನಿಗೆ ಬಿಟ್ಟ. ತಾನು ಮುಂದೆ ಹೋದ. ಮತ್ತೆ ನಿಲ್ಲಿಸಿ ಇನ್ನೊಬ್ಬನಿಗೆ ಬಿಟ್ಟ.

"ಸಲೀಂ, ಹೀಗೆ ಬಿಡ್ತಾ ಹೋದ್ರೆ ನಾವು ಸಾಯಂಕಾಲ ತಲುಪ್ತೀವಿ."

"ನಮ್ ಬೀಬಿ ಹೂ ಕಟ್ತಾಳಲ್ಲ ಸಾರ್. ಆ ಕಡೆ ಒಂದು, ಈ ಕಡೆ ಒಂದು, ಮತ್ತೆ ಆ ಕಡೆ ಒಂದು. ಒಂದೇ ಕಡೆ ಎಲ್ಲಾ ಇಟ್ರೆ ಮಾಲೆ ಆಯ್ತದಾ?"

"ಹೂವಿಗೆ ರಾಹುಕಾಲ ಇಲ್ಲವಲ್ಲಪ್ಪ."

"ಫಿಕರ್ ಮಾಡ್ಬೇಡಿ," ಎಂದು ಅವನು ಹೊಲದ ಕಡೆ ತಿರುಗಿ ಮೂರನೆಯವನಿಗೂ ಬಿಟ್ಟ.

ಇಲ್ಲಿ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಂಥ ಒಂಟಿ ದಾರಿಯ ಎರಡು ತುದಿಯಲ್ಲೂ ಕೇಸರಿ ಕೋಟು ತೊಟ್ಟವರೊಬ್ಬರು ಬಾವುಟ ಹಿಡಿದು ನಿಂತಿರುತ್ತಾರೆ. ಈ ಕಡೆಯ ಒಂದು ಗುಂಪು ಹೋಗಬೇಕು, ಆಮೇಲೆ ಆ ಕಡೆಯ ಒಂದು ಗುಂಪು. ನಡುವೆ ತಿರುವು ಇರುವುದರಿಂದ ಒಬ್ಬರಿಗೊಬ್ಬರು ಕಾಣುವುದಿಲ್ಲ. ಆ ತಗ್ಗಿನಲ್ಲಿ ಫೋನೂ ಸಿಗುವುದಿಲ್ಲ. ಅದಕ್ಕೆ ಅವರೇ ಕಂಡುಕೊಂಡ ಉಪಾಯವೆಂದರೆ ಸೊಪ್ಪು. ರಸ್ತೆ ಬದಿಯ ಹೊಂಗೆ ಮರದಿಂದ ಒಂದು ರೆಂಬೆ ಮುರಿದು ಗುಂಪಿನ ಕಟ್ಟಕಡೆಯ ಗಾಡಿಯವನ ಕೈಗೆ ಕೊಡುವುದು. ಆ ತುದಿಯವರಿಗೆ ಸೊಪ್ಪು ಹಿಡಿದ ಗಾಡಿ ಕಂಡರೆ ಈ ಕಡೆಯ ಗುಂಪು ಮುಗಿಯಿತು ಎಂದು ಅರ್ಥ. ಆಗ ತಮ್ಮ ಕಡೆಯವರನ್ನು ಬಿಡಬಹುದು.

ಅವತ್ತು ನಮ್ಮ ಗುಂಪಿನ ಕೊನೆಗೆ ಇದ್ದದ್ದು ಎರಡು ಟ್ರೈಲರಿನ ಒಂದು ಕಬ್ಬಿನ ಟ್ರಾಕ್ಟರು. ಬಾವುಟದವನು ರೆಂಬೆ ಮುರಿದು ಅದರ ಡ್ರೈವರಿಗೆ ಕೊಟ್ಟದ್ದನ್ನು ನಾನು ಕನ್ನಡಿಯಲ್ಲಿ ಕಂಡೆ. ನಮ್ಮದು ಗುಂಪಿನ ಮುಂಭಾಗದಲ್ಲಿ. ಮುಂದಿನ ಮೂರು ಕಾರು ಭರ್ರನೆ ಹೋಗಿಬಿಟ್ಟವು. ಕೊಂಬೆಯ ಎಲೆ ಉದುರದಿರಲಿ ಎಂದು ಸಲೀಂ ನಿಧಾನಕ್ಕೆ ಬಿಟ್ಟ. ಹಿಂದಿನವರು ಇನ್ನೂ ತಿರುವಿನ ಆಚೆ ಇದ್ದರು.

ನಿಮಗೆ ಈಗಾಗಲೇ ಹೊಳೆದಿದೆ. ನಮಗೆ ಹೊಳೆಯಲಿಲ್ಲ.

ಆ ತುದಿಯಲ್ಲಿ ಬಾವುಟ ಹಿಡಿದು ನಿಂತಿದ್ದ ಹೆಂಗಸಿಗೆ ದೂರದಿಂದ ಕಂಡದ್ದು ಇಷ್ಟು: ಮೂರು ಕಾರು ಬಂದವು, ಹೋದವು. ಆಮೇಲೆ ಒಂದು ಕಾರು ನಿಧಾನವಾಗಿ ಬರುತ್ತಿದೆ. ಅದರ ಹಿಂದೆ ಯಾರೂ ಇಲ್ಲ. ಅದರ ಕಿಟಕಿಯಲ್ಲಿ ಸೊಪ್ಪು! ಅವಳು ಹಸಿರು ಬಾವುಟ ಎತ್ತಿದಳೋ ಇಲ್ಲವೋ, ಆ ಕಡೆ ಕಾದು ಕುದಿಯುತ್ತಿದ್ದ ಸಾಲು ನುಗ್ಗಿತು. ಕೊನೆಯ ಕಾರು ಒಂದೇ ತಾನೇ, ಹೇಗೋ ಸರಿದುಕೊಂಡು ದಾಟುತ್ತದೆ ಎಂಬ ಲೆಕ್ಕ. ಮುಂದಾಳತ್ವ ಕೆ.ಆರ್.ಪೇಟೆ ಕಡೆಯಿಂದ ಬಂದ ಒಂದು ಖಾಸಗಿ ಬಸ್ಸಿನದು. ಅದು ನಮ್ಮ ಕಾರಿನ ಮೂಗಿಗೆ ಮೂಗು ತಾಗಿಸುವಂತೆ ಬಂದು ನಿಂತಿತು. ಅಷ್ಟರಲ್ಲಿ ತಿರುವಿನಿಂದ ನಮ್ಮ ಹಿಂದಿನವರೂ ಬಂದರು. ಎಲ್ಲರ ಕೊನೆಗೆ, ನಿಜವಾದ ಸೊಪ್ಪನ್ನು ಬಾನೆಟ್ಟಿಗೆ ಸಿಕ್ಕಿಸಿಕೊಂಡ ಕಬ್ಬಿನ ಟ್ರಾಕ್ಟರು.

ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿದ. "ಏನ್ ಸಾರ್, ಕೊನೇ ಗಾಡಿ ನಿಮ್ದಲ್ವಾ?"

"ನಮ್ದಲ್ಲ ಅಣ್ಣ, ಇಂದೆ ನೋಡಿ," ಎಂದ ಸಲೀಂ.

"ಮತ್ತೆ ಸೊಪ್ಪು ಇಡ್ಕಂಡಿದ್ದೀರಿ?"

"ಈ ಸೊಪ್ಪು ಬೇರೆ, ಆ ಸೊಪ್ಪು ಬೇರೆ."

"ಸೊಪ್ನಲ್ಲಿ ಬೇರೆ ಬೇರೆ ಇರಾಕೆ ಇದೇನ್ ಸಂತೇನ್ಲಾ?"

ಬಾವುಟದ ಹೆಂಗಸು ಓಡಿ ಬಂದಳು. ನನ್ನ ಕೈ ನೋಡಿದಳು, ಟ್ರಾಕ್ಟರಿನ ಬಾನೆಟ್ಟು ನೋಡಿದಳು, ಬಾವುಟದ ಕೋಲಿನಿಂದ ತನ್ನ ಹಣೆಯನ್ನೇ ತಟ್ಟಿಕೊಂಡಳು. "ಸೊಪ್ಪು ಕಂಡ್ರೆ ಬುಡು ಅಂದ್ರು, ಬುಟ್ಟೆ ಕಣಣ್ಣ. ಮದ್ವೆ ಸೊಪ್ಪು ಬಂದ್ರೆ ಏನ್ ಮಾಡ್ಬೇಕು ಅಂತ ಯಾರೂ ಯೋಳಿರ್ನಿಲ್ಲ."

ಇಲ್ಲಿ ಸ್ವಲ್ಪ ನಿಲ್ಲೋಣ. ಹೇಗೂ ಎಲ್ಲರೂ ನಿಂತಿದ್ದೇವೆ.

ನಾನು ಹುಡುಗನಾಗಿದ್ದಾಗ ಅಪ್ಪ ಎತ್ತಿನ ಗಾಡಿಯಲ್ಲಿ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ನಾಲೆಯ ಏರಿಯ ಮೇಲೆ ದಾರಿ, ಒಂದು ಗಾಡಿಯಷ್ಟೇ ಅಗಲ. 'ಖಾಲಿ ಗಾಡಿ ಇಳಿಯಬೇಕು, ತುಂಬಿದ ಗಾಡಿ ಹೋಗಬೇಕು' ಎಂಬುದು ಆ ದಾರಿಯ ಕಾನೂನು. ಬೋರ್ಡು ಇರಲಿಲ್ಲ, ಪೊಲೀಸು ಇರಲಿಲ್ಲ. ಎದುರಿನಿಂದ ಖಾಲಿ ಗಾಡಿಯವನು ದೂರದಲ್ಲೇ ನಮ್ಮನ್ನು ಕಂಡು, ಇಳಿದು, ಎತ್ತಿನ ಮೂಗುದಾರ ಹಿಡಿದು ಏರಿಯ ಇಳಿಜಾರಿನಲ್ಲಿ ಗಾಡಿಯನ್ನು ಓರೆ ನಿಲ್ಲಿಸಿಕೊಳ್ಳುತ್ತಿದ್ದ. ನಾನು ಕಬ್ಬಿನ ಹೊರೆಯ ಮೇಲೆ, ಆಕಾಶಕ್ಕೆ ಹತ್ತಿರ, ಸೋಗೆ ಚುಚ್ಚಿ ಬೆನ್ನೆಲ್ಲ ತುರಿಕೆ. ಪಕ್ಕದಲ್ಲಿ ಹಾಯುವಾಗ ಅಪ್ಪ ಒಂದು ಜಲ್ಲೆ ಎಳೆದು ಆ ಗಾಡಿಯವನ ಕಡೆ ಎಸೆಯುತ್ತಿದ್ದ. ಅವನು ನೋಡದೆಯೇ ಹಿಡಿಯುತ್ತಿದ್ದ.

ಇದು ಮೊಳೆ ಹೊಡೆದ ಜಾಗ. ಅಕ್ಕನನ್ನು ಕೇಳಿದರೆ, "ಅಪ್ಪ ಜಲ್ಲೆ ಎಸೀತಿತ್ತಾ? ನಮ್ ಬಾಯ್ಗೇ ಒಂದು ಕೊಡ್ತಿರ್ನಿಲ್ಲ. ಎದುರ್ ಗಾಡಿಯೋನ್ಗೆ ಬೈಗುಳ ಎಸೀತಿತ್ತು," ಎನ್ನುತ್ತಾಳೆ. ಇರಬಹುದು. ಅವನು ಹಿಡಿದದ್ದು ಕಬ್ಬೋ ಬೈಗುಳವೋ, ಖಾಲಿ ಗಾಡಿ ಇಳಿಯುತ್ತಿದ್ದುದು ಮಾತ್ರ ನಿಜ. ಅಕ್ಕನೂ ಅದನ್ನು ಒಪ್ಪುತ್ತಾಳೆ.

ಈ ಕಾನೂನು ಈಗಲೂ ನಡೆಯುತ್ತದೋ ನೋಡೋಣವೆಂದು ನಾನು ಕಾರಿನೊಳಗಿಂದಲೇ, "ಯಾರದು ಖಾಲಿ ಗಾಡಿಯೋ ಅವರು ಹಿಂದಕ್ಕೆ ತೆಗೆದುಕೊಳ್ಳಲಿ," ಎಂದು ಕೂಗಿದೆ. ಕೂಗಿದ್ದೇ ತಪ್ಪಾಯಿತು. ಆ ರಸ್ತೆಯಲ್ಲಿ ಖಾಲಿ ಗಾಡಿ ಒಂದೂ ಇರಲಿಲ್ಲ.

"ಎರಡು ಟ್ರೈಲರ್ ಕಬ್ಬದೆ. ಇಂದಕ್ ತಗಂಡ್ರೆ ಒಂದು ಗದ್ದೆಗೆ, ಇನ್ನೊಂದು ಗುಂಡಿಗೆ," ಎಂದ ಟ್ರಾಕ್ಟರಿನವನು.

"ಆಲು ಒಡ್ದೋಯ್ತದೆ," ಎಂದು ಬಸ್ಸಿನ ಹಿಂದಿದ್ದ ಹಾಲಿನ ವ್ಯಾನಿನವನು ಕೂಗಿದ.

"ನನ್ ಬಸ್ನಲ್ಲಿ ಬಸ್ರಿ ಎಂಗಸ್ರವ್ರೆ," ಎಂದ ಬಸ್ಸಿನ ಡ್ರೈವರು.

ಬಸ್ಸಿನೊಳಗಿಂದ ಒಂದು ಹಳೆಯ ಧ್ವನಿ ಬಂತು. "ಯಾವಳ್ಲಾ ಬಸ್ರಿ? ಇಲ್ಲಿರೋರೆಲ್ಲಾ ನನ್ ವಯಸ್ಸಿನೋರು. ಸುಳ್ ಯಾಕೆ ಬೊಗಳ್ತೀಯ?"

ಎಲ್ಲರೂ ನಕ್ಕರು. ಯಾರೂ ಅಲ್ಲಾಡಲಿಲ್ಲ. ನಮ್ಮ ಹಿಂದಿನವರು ಒಬ್ಬೊಬ್ಬರೇ ಬಂದು ಸಲೀಮನಿಗೆ ಬುದ್ಧಿ ಹೇಳತೊಡಗಿದರು. ಬಸ್ಸಿಗಿಂತ ನಿನ್ನ ಕಾರು ಚಿಕ್ಕದು, ಹಿಂದೆ ತಿರುವಿನಲ್ಲಿ ಸ್ವಲ್ಪ ಜಾಗ ಇದೆ, ನಾವು ಟ್ರಾಕ್ಟರಿನ ಕಡೆ ಒತ್ತರಿಸಿಕೊಳ್ಳುತ್ತೇವೆ, ನೀನು ರಿವರ್ಸಿನಲ್ಲಿ ಹೋಗಿ ಅಲ್ಲಿ ಹೊಕ್ಕಿಕೊ, ಮಿಕ್ಕವರನ್ನು ಆಮೇಲೆ ನೋಡೋಣ ಎಂದು. ಮಾತು ಸರಿಯಾಗಿಯೇ ಇತ್ತು. ಸಲೀಂ ನನ್ನ ಕಡೆ ನೋಡಿದ. ನಾನು ಕೊಂಬೆಯ ಕಡೆ ನೋಡಿದೆ. ಅಕ್ಕನ ಧ್ವನಿ ಕಿವಿಯಲ್ಲೇ ಇತ್ತು: ಇಂದಕ್ಕೆ ತರಬಾರ್ದು. ಗಡಿಯಾರದಲ್ಲಿ ಹತ್ತು ಆಗುತ್ತಿತ್ತು. ಬಿಂಡಿಗನವಿಲೆ ಇನ್ನೂ ಬಹಳ ದೂರ. ನಾಗಮಂಗಲದ ಆಚೆ ಎಲ್ಲೋ ಚಂದ್ರು ಸ್ನಾನ ಮಾಡಿ, ಕೊಂಬೆ ಹಿಡಿದು, ಬೇಗ ಬಂದವರ ಆ ಶಾಂತ ಮುಖದಲ್ಲಿ ನಿಂತಿದ್ದಾನೆ.

ಬಸ್ಸಿನ ಕಿಟಕಿಯಿಂದ ಆ ಹಳೆಯ ಧ್ವನಿಯ ಒಡತಿ ಈಚೆ ಬಗ್ಗಿದಳು. ಹೊಸಹೊಳಲಿನ ಅಜ್ಜಿ, ಆಮೇಲೆ ತಿಳಿಯಿತು. "ಅದೇನಪ್ಪ ನಿನ್ ಕೈಲಿರೋದು? ಅತ್ತಿ ಅಲ್ವಾ?"

"ಹೌದಜ್ಜಿ. ಹಾಲುಗಂಬ. ನನ್ನ ಅಕ್ಕನ ಮಗಳ ಮದುವೆ."

"ಆಲ್ಗಂಬ ಇಡ್ಕಂಡೋನ್ಗೆ ಇಂದಕ್ಕೋಗು ಅಂತಾವ್ರಾ ಇವ್ರು? ಯಾವ್ ಊರ್ ನ್ಯಾಯ?"

ಅಕ್ಕ ಹುಟ್ಟಿಸಿದಳೆಂದು ನಾನು ಅನುಮಾನಪಟ್ಟ ಶಾಸ್ತ್ರಕ್ಕೆ ಹೊಸಹೊಳಲಿನಲ್ಲೂ ಸಾಕ್ಷಿ!

ಬಸ್ಸಿನ ಡ್ರೈವರು ಬಿಡಲಿಲ್ಲ. "ಯಾಕಜ್ಜಿ, ಕಂಬಕ್ಕೆ ರಿವರ್ಸ್ ಗೇರಿಲ್ವಾ?"

"ಇಲ್ಲ ಕಣ್ಲಾ. ನಿನ್ ಬಸ್ಸಿಗೆ ಅದೆಯಲ್ಲ, ಆಕು."

"ನನ್ ಇಂದೆ ಸಾಲು ಅಂಗೇ ನಿಂತದೆ, ಎಲ್ಗಾಕ್ಲಿ?"

ಅಜ್ಜಿ ನನ್ನ ಕಡೆಗೇ ತಿರುಗಿದಳು. "ಗಾಡಿ ನಿಂತ್ರೆ ನಿನ್ ಕಾಲೂ ನಿಂತವಾ? ಇಳ್ದು ನಡಿಯಪ್ಪ. ಮುಂದಕ್ಕೆ ತಾನೆ ಓಗ್ಬೇಕಾದ್ದು?"

ಅಷ್ಟು ಹೊತ್ತು ನನಗೆ ಇದು ಹೊಳೆದಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಕೂತು ನಾನು ಕಾರಿನ ಒಂದು ಭಾಗವಾಗಿಬಿಟ್ಟಿದ್ದೆ. ಸಲೀಂ ಕೊಂಬೆಯ ಬುಡ ಈಚೆಗೆ ತೆಗೆದು ನನ್ನ ಹೆಗಲ ಮೇಲೆ ಇಟ್ಟ. "ನೀವ್ ನಡೀರಿ ಸಾರ್, ನಾನು ಊಟದ್ ಟೈಮ್ಗೆ ಬತ್ತೀನಿ," ಎಂದ. ಬಾವುಟದ ಹೆಂಗಸು, "ನನ್ನಿಂದಾಗಿದ್ದು ಕಣಣ್ಣ, ನಾನೇ ದಾಟುಸ್ತೀನಿ," ಎಂದು ಹಸಿರು ಬಾವುಟ ಎತ್ತಿಕೊಂಡು ಮುಂದೆ ಹೊರಟಳು.

ಎದುರು ಸಾಲಿನ ಪಕ್ಕದಲ್ಲಿ ಒಬ್ಬ ಮನುಷ್ಯ ಓರೆಯಾಗಿ ನಡೆಯುವಷ್ಟು ಜಾಗವಿತ್ತು. "ಆಲ್ಗಂಬ ಬತ್ತಾದೆ, ಕನ್ನಡಿ ಮಡುಸ್ಕಳಿ," ಎಂದು ಅವಳು ಕೂಗುತ್ತಾ ಹೋದಳು. ಗಾಡಿಗಳ ಕನ್ನಡಿಗಳು ಒಂದೊಂದಾಗಿ ಕಿವಿ ಮಡಿಸಿಕೊಂಡವು. ಬೈಕಿನವರು ಒಂದು ಕಾಲೂರಿ ಬೈಕನ್ನು ಆ ಕಡೆ ವಾಲಿಸಿದರು, ಏರಿಯ ಮೇಲೆ ಖಾಲಿ ಗಾಡಿ ವಾಲುತ್ತಿದ್ದ ಹಾಗೆ. ಈಗಷ್ಟೇ ಒಬ್ಬರಿಗೊಬ್ಬರು ಒಂದು ಗೇಣು ಬಿಡದೆ ನುಗ್ಗಿದ್ದವರು ಇವರೇ. ಒಬ್ಬ ಹೆಂಗಸು ಕಾರಿನ ಗಾಜಿಳಿಸಿ ಎಲೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇಲ್ಲಿ ನನ್ನ ನೆನಪು ವಾಲಗ ಊದಿಸಲು ನೋಡುತ್ತದೆ. ಯಾರೂ ಊದಲಿಲ್ಲ. ಹಾಲಿನ ವ್ಯಾನಿನವನು ಒಂದು ಸಲ ಹಾರನ್ ಹೊಡೆದದ್ದು ನಿಜ. ಅದು ಪಕ್ಕದವನಿಗೆ, ಸಿಟ್ಟಿನಿಂದ.

ತಗ್ಗು ದಾಟಿದ್ದೇ ಫೋನಿಗೆ ಜೀವ ಬಂತು. ಅಕ್ಕ.

"ಎಲ್ಲಿದ್ದೀಯ್ಲಾ?"

"ನಡ್ಕೊಂಡ್ ಬತ್ತಾ ಇವ್ನಿ ಕಣಕ್ಕ."

"ಶ್ರೀರಂಗಪಟ್ನದಿಂದ್ಲಾ?"

"ಅಲ್ಲ ಅಕ್ಕ, ರಸ್ತೆ—"

"ಚಂದ್ರು ಗುಂಡಿ ತೋಡ್ಸಾಯ್ತು," ಎಂದು ಅವಳು ಇಟ್ಟುಬಿಟ್ಟಳು.

ಸಾಲಿನ ಕಟ್ಟಕಡೆಗೆ ಒಂದು ಗೂಡ್ಸ್ ಆಟೋ. ಹಿಂದೆ ತುಂಬ ಕುರಿಗಳು. ಡ್ರೈವರು ನಂಜಪ್ಪ ಇಳಿದು ನಿಂತು ಬೀಡಿ ಹಚ್ಚಿದ್ದ. ಪಾಂಡವಪುರದ ಕಡೆ ಯಾರಿಗೋ ಕುರಿ ಮುಟ್ಟಿಸಲು ಹೊರಟವನು. ಬಾವುಟದ ಹೆಂಗಸು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಯಾವೂರ್ಗೆ ಓಗ್ಬೇಕು?" ಎಂದ ನಂಜಪ್ಪ.

"ಬಿಂಡಿಗನವಿಲೆ ಹತ್ತಿರ."

"ಅಯ್ಯೋ, ಅಲ್ಲಿಂದ್ಲೇ ಬಂದೆ ಈಗ." ಅವನು ನಿಂತ ಸಾಲನ್ನು ನೋಡಿದ, ಕುರಿಗಳನ್ನು ನೋಡಿದ, ಕೊಂಬೆಯನ್ನು ನೋಡಿದ, ಬೀಡಿ ಎಸೆದ. "ಇದು ಬುಡೋ ಅಷ್ಟೊತ್ಗೆ ನನ್ ಕುರಿ ಮರಿ ಆಕ್ತವೆ. ಗಾಡಿ ಅತ್ಕಳಿ."

ಅವನ ಹಿಂದೆ ಯಾರೂ ಇರಲಿಲ್ಲವಾದ್ದರಿಂದ ಆಟೋ ಸಲೀಸಾಗಿ ಹಿಂದಕ್ಕೆ ಬಂದು ತಿರುಗಿತು. ಆ ಬೆಳಗ್ಗೆ ಆ ರಸ್ತೆಯಲ್ಲಿ ಮೊದಲು ಹಿಂದಕ್ಕೆ ಹೋದವನು ಅವನು, ಅದೂ ಬಂದಷ್ಟೂ ದಾರಿ.

ಮುಂದಿನ ಸೀಟಿನಲ್ಲಿ ಕೊಂಬೆ ಹಿಡಿಯದು. ನಾನು ಹಿಂದೆ ಕುರಿಗಳ ನಡುವೆ ನಿಂತೆ, ಹಾಲುಗಂಬವನ್ನು ಧ್ವಜದಂತೆ ಎತ್ತಿ ಹಿಡಿದು. ಕುರಿಗಳಿಗೆ ನನ್ನ ಸೋದರಮಾವತನದ ಮೇಲೆ ಯಾವ ಗೌರವವೂ ಇರಲಿಲ್ಲ. ಅತ್ತಿ ಸೊಪ್ಪೆಂದರೆ ಅವಕ್ಕೆ ಹಬ್ಬ. ಕೈ ಸೋತು ಕೊಂಬೆ ಒಂದು ಗೇಣು ಇಳಿದರೆ ಒಂದು ಬಾಯಿ ಸಿದ್ಧ. ಪ್ರತಿ ರಸ್ತೆ ಉಬ್ಬಿಗೂ ನನ್ನ ಕೈ ಇಳಿಯಿತು. ನಾಗಮಂಗಲ ದಾಟುವಾಗ ಜನ ನಿಂತು ನೋಡಿದರು. "ಬುಡಣ್ಣ, ತಿನ್ಲಿ, ಅವೂ ಮದ್ವೆ ಕಡೆಯವೇ," ಎಂದು ನಂಜಪ್ಪ ಮುಂದಿನಿಂದ ಕೂಗಿದ.

ಅಕ್ಕನ ಮನೆಯ ಮುಂದೆ ಇಳಿದಾಗ ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನನ್ನ ಕೈಯಲ್ಲಿದ್ದದ್ದು ಕಂಬವೇ ಹೊರತು ಕೊಂಬೆಯಲ್ಲ. ತುದಿಯಲ್ಲಿ ಒಂದು ಚಿಗುರು, ಅದರ ಕೆಳಗೆ ಅರ್ಧ ತಿಂದ ಒಂದು ಎಲೆ. ಗುಂಡಿಯ ಪಕ್ಕದಲ್ಲಿ ಚಂದ್ರು, ಮಡಿ ಪಂಚೆಯಲ್ಲಿ, ತುಂಬು ಸೊಪ್ಪಿನ ಅಚ್ಚುಕಟ್ಟಾದ ಕೊಂಬೆ ಹಿಡಿದು. ಹೆಂಗಸರು ಹಾಲಿನ ಚೊಂಬು ಹಿಡಿದು ಸುತ್ತ ನಿಂತಿದ್ದರು. ಅಕ್ಕ ನನ್ನನ್ನು ನೋಡಿದಳು, ಕುರಿಗಳನ್ನು ನೋಡಿದಳು.

"ಇದೇನ್ಲಾ, ಕುರಿ ಮೇದಂಗದೆ?"

"ಕುರೀನೇ ಕಣಕ್ಕ."

ಸುಮ ಮೊದಲು ನಕ್ಕಳು. ಅರಿಸಿನ ಹಚ್ಚಿದ ಕೆನ್ನೆ ಬಿರಿಯುವಂತೆ ನಕ್ಕಳು. ಅಕ್ಕ ಮಾತ್ರ ನಗಲಿಲ್ಲ. ಶಾಸ್ತ್ರಕ್ಕೆ ಎಲೆ ಬೇಕು. ಎಲೆ ಇದ್ದದ್ದು ಚಂದ್ರುವಿನಲ್ಲಿ. ಗುಂಡಿ ಒಂದೇ.

ಚಂದ್ರು ನನ್ನ ಮುಖ ನೋಡಲಿಲ್ಲ. ಗುಂಡಿಯಿಂದ ಎರಡು ಹೆಜ್ಜೆ ಈಚೆ ಸರಿದು, ಪಕ್ಕದ ಮನೆಯ ಹುಲ್ಲಿನ ಮೆದೆಯ ಕಡೆ ತಿರುಗಿ, ಅದನ್ನು ಯಾವ ವರ್ಷ ಒಟ್ಟಿದ್ದು ಎಂದು ಲೆಕ್ಕ ಹಾಕುವವನಂತೆ ನಿಂತುಬಿಟ್ಟ. ಆ ನಿಲುವು ನನಗೆ ಗೊತ್ತಿತ್ತು. ಬೆಳಗ್ಗೆಯಿಂದ ಅದನ್ನೇ ನೋಡಿಕೊಂಡು ಬಂದಿದ್ದೆ. ದಾರಿ ಬಿಟ್ಟವನ ನಿಲುವು.

ಅವನನ್ನು ಈಗ ಕೇಳಿದರೆ, "ಕಟ್ಟಿರುವೆ ಕಡೀತು ಕಣೋ ಕಾಲ್ಗೆ, ಅದ್ಕೆ ಸರುದೆ," ಎನ್ನುತ್ತಾನೆ. ಮೊಳೆ ಇಲ್ಲೂ ಇದೆ, ಹೊಡೆದವನು ನಾನೋ ಅವನೋ ನೀವೇ ತೀರ್ಮಾನಿಸಿ.

ನಾನು ಗುಂಡಿಯ ಹತ್ತಿರ ಹೋದೆ. ಒಬ್ಬನೇ ನೆಡಲು ಕೈ ಬರಲಿಲ್ಲ. "ಬಾರೋ ಚಂದ್ರು," ಎಂದೆ. "ನಂದ್ರಲ್ಲಿ ಸೊಪ್ಪಿಲ್ಲ. ನಿಂದೂ ತತ್ತಾ." ಅಕ್ಕ ಅರಿಸಿನದ ದಾರ ತೆಗೆದು ಎರಡು ಕೊಂಬೆಯನ್ನೂ ಸೇರಿಸಿ ಸುತ್ತಿದಳು. ಇಬ್ಬರೂ ಹಿಡಿದು ಇಳಿಸಿದೆವು. ಹಾಲು ಬಿತ್ತು, ತುಪ್ಪ ಬಿತ್ತು, ಮಣ್ಣು ಬಿತ್ತು. ಆಮೇಲೆ ರಾಹುಕಾಲ ಬಂತು. ಯಾರೂ ಅದರ ಕಡೆ ನೋಡಲಿಲ್ಲ. ನಂಜಪ್ಪ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದ.

ಊಟದ ಹೊತ್ತಿಗೆ ಸಲೀಮೂ ಬಂದ. ನಂಜಪ್ಪ ತಿರುಗಿಸಿಕೊಂಡು ಹೋದ ಮೇಲೆ ಅವನ ಮುಂದಿದ್ದವನಿಗೆ ಹಿಂದಕ್ಕೆ ಹೋಗಲು ಜಾಗವಾಯಿತಂತೆ. ಅವನು ಹೋದ ಮೇಲೆ ಅವನ ಮುಂದಿನವನಿಗೆ. ಕಟ್ಟಿದ ಹೂವನ್ನು ತುದಿಯಿಂದ ಬಿಚ್ಚಿದ ಹಾಗೆ ಬಿಟ್ಟುಕೊಂಡು ಬಂತು ಎಂದ. ಕೊನೆಗೆ ಅಜ್ಜಿಯ ಬಸ್ಸೂ ಹಿಂದಕ್ಕೆ ಸರಿಯಿತಂತೆ. ಅಜ್ಜಿ ಕಿಟಕಿಯಲ್ಲಿ ಕೂತು ಡ್ರೈವರಿಗೆ ರಿವರ್ಸು ಹೇಳಿಕೊಡುತ್ತಿದ್ದಳಂತೆ.

ಈಗ ಆ ರಸ್ತೆ ಅಗಲವಾಗಿದೆ. ಯಾರೂ ಯಾರಿಗೂ ದಾರಿ ಬಿಡಬೇಕಾಗಿಲ್ಲ, ಸೊಪ್ಪೂ ಬೇಕಿಲ್ಲ. ಕಾಮಗಾರಿ ಇನ್ನೊಂದು ಕಡೆಗೆ ಹೋಗಿದೆ, ನನ್ನ ಕೈಯೂ ಅದರ ಹಿಂದೆ ಹೋಗಿದೆ.

ಅಕ್ಕನ ಮನೆಯ ಮುಂದಿನ ಹಾಲುಗಂಬ ಮಾತ್ರ ಅಲ್ಲೇ ಇದೆ. ಚಪ್ಪರ ಬಿಚ್ಚುವಾಗ ನೋಡಿದರೆ ಕಣ್ಣು ಬಿಟ್ಟಿತ್ತು, ಕೀಳಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಎರಡರಲ್ಲಿ ಒಂದು ಒಣಗಿತು, ಒಂದು ಚಿಗುರಿತು. ಚಿಗುರಿದ್ದು ಯಾರದು? ಸೊಪ್ಪಿದ್ದದ್ದು ಚಂದ್ರುವಿನದು, ಅದೇ ಬದುಕಿರಬೇಕು ಎನ್ನುತ್ತೇನೆ ನಾನು. ಕುರಿ ತಿಂದ ಗಿಡವೇ ಚೆನ್ನಾಗಿ ಚಿಗುರುವುದು ಎನ್ನುತ್ತಾನೆ ಚಂದ್ರು. ಮೊದಲೆಲ್ಲ ಇಂಥ ವಿಷಯಕ್ಕೆ ಇಬ್ಬರೂ ನನ್ನದು ನನ್ನದು ಎಂದು ಕಿತ್ತಾಡುತ್ತಿದ್ದೆವು. ಈಗ ನಿನ್ನದು ನಿನ್ನದು ಎಂದು ಕಿತ್ತಾಡುತ್ತೇವೆ. ಜಗಳ ಅಷ್ಟೇ ಉದ್ದ.

ಮೊನ್ನೆ ಹೋಗಿದ್ದೆ. ಅವನೂ ಬಂದಿದ್ದ, ನನಗಿಂತ ಮೊದಲು. ಗಿಡಕ್ಕೆ ನೀರು ಹಾಕಲು ಇಬ್ಬರೂ ಒಂದೊಂದು ಚೊಂಬು ಹಿಡಿದು ಹೊರಟೆವು.

"ಹಾಕು ನೀನು," ಎಂದೆ.

"ನೀ ಮೊದ್ಲು ಹಾಕಪ್ಪ. ಸ್ವಂತ ಸೋದರಮಾವ."

"ಗುಂಡಿ ತೋಡಿಸ್ದೋನು ನೀನು."

"ದೂರದಿಂದ ಬಂದೋನು ನೀನು."

"ಅಲ್ಲ ಕಣೋ—"

"ಲೇ, ಲೇ!" ಒಳಗಿನಿಂದ ಅಕ್ಕನ ಧ್ವನಿ. "ಯಾರಾರಾ ನೀರ್ ಉಯ್ರಲಾ! ಇಂದೆ ಅಸ ನಿಂತದೆ, ಅದ್ಕೆ ದಾರಿ ಬುಡಿ!"

ತಿರುಗಿ ನೋಡಿದೆವು. ಹಸು ನಿಜವಾಗಿಯೂ ನಿಂತಿತ್ತು, ಕೊಟ್ಟಿಗೆಯ ದಾರಿಯಲ್ಲಿ, ಎಷ್ಟು ಹೊತ್ತಿನಿಂದಲೋ. ಇಬ್ಬರೂ ಒಂದೇ ಸಲಕ್ಕೆ ಸರಿದೆವು, ಅವನು ಆ ಕಡೆ, ನಾನು ಈ ಕಡೆ. ಹಸು ನಮ್ಮಿಬ್ಬರ ಮುಖವನ್ನೂ ನೋಡದೆ ನಡುವೆ ಹಾದುಹೋಯಿತು. ಹೋಗುತ್ತ ಅತ್ತಿಯ ಗಿಡದಿಂದ ಒಂದು ಎಲೆ ಕಿತ್ತುಕೊಂಡಿತು.